ಮೂರು ಕಚ್ಚಿನ ಬಂಗಡೆ

ಏಪ್ರಿಲ್ ಹನ್ನೆರಡನೇ ತಾರೀಕು ಭಾನುವಾರ ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ದಿನಕರ ತನ್ನ ಮನೆಯ ಬಾವಿಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟು ನೀರು ಎಷ್ಟಿದೆ ಎಂದು ಅಳೆಯುತ್ತಿದ್ದ. ಬೇಸಿಗೆಯ ಪ್ರತಿ ಭಾನುವಾರ ಅದು ಅವನ ಕೆಲಸ. ಆ ದಿನ ಒಂಬತ್ತು ಅಡಿ ನಾಲ್ಕು ಇಂಚು ಇತ್ತು. ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುವಷ್ಟರಲ್ಲಿ ಮಗಳು ಧನ್ಯಶ್ರೀ ಬಾವಿಕಟ್ಟೆಗೆ ಬಂದು, ಮೊಬೈಲನ್ನು ಅವನ ಮೂಗಿನ ಬುಡಕ್ಕೆ ಹಿಡಿದು, "ಅಪ್ಪಾ, ನಂಗೆ ಇದು ಬೇಕು" ಎಂದಳು.

ಚಿತ್ರದಲ್ಲಿದ್ದದ್ದು ಕೂದಲು ನೆಟ್ಟಗೆ ಮಾಡುವ ಯಂತ್ರ. ನೋಡಲು ದೊಡ್ಡದೊಂದು ಟಾರ್ಚಿನ ಹಾಗಿತ್ತು. ಬೆಲೆ ಮೂವತ್ತನಾಲ್ಕು ಸಾವಿರದ ಒಂಬೈನೂರು ರೂಪಾಯಿ. ದಿನಕರ ಕನ್ನಡಕ ಸರಿಮಾಡಿಕೊಂಡು ಸೊನ್ನೆಗಳನ್ನು ಎರಡು ಸಲ ಎಣಿಸಿದ. ಸೊನ್ನೆಗಳು ಎರಡೇ ಇದ್ದವು. ತೊಂದರೆ ಇದ್ದದ್ದು ಅವುಗಳ ಎಡಕ್ಕಿದ್ದ ಅಂಕಿಗಳಲ್ಲಿ.

"ಇದು ಕೂದ್ಲಿಗಾ?"

"ಹೌದು."

"ತಲೆ ಒಳಗೆ ಎಂತಾದ್ರೂ ಹೋಗ್ತದಾ ಇದ್ರಿಂದ?"

"ಇಲ್ಲ. ಹೊರಗೆ ಮಾತ್ರ."

ದಿನಕರ ಬೆಳಕೆ ಎಂಬ ಊರಿನ ಮೀನುಗಾರರ ಕೇರಿಯಲ್ಲಿ ಮೊದಲು ಬಿ.ಎಸ್ಸಿ. ಮುಗಿಸಿದವನು. ಭಟ್ಕಳ ಬಂದರಿನ ಹತ್ತಿರದ ಒಂದು ಐಸ್ ಫ್ಯಾಕ್ಟರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಮೇಲ್ವಿಚಾರಕ. ಐಸ್ ಕಟ್ಟುವ ಉಪ್ಪುನೀರಿನ ತೊಟ್ಟಿ ಎಷ್ಟು ತಣ್ಣಗಿದೆ ಎಂದು ಗಂಟೆಗೊಮ್ಮೆ ಬರೆದಿಡುವುದು ಅವನ ಉದ್ಯೋಗ. ಉಳಿದದ್ದನ್ನೆಲ್ಲ ಬರೆದಿಡುವುದು ಅವನ ಸ್ವಭಾವ. ಗ್ಯಾಸ್ ಸಿಲಿಂಡರು ಎಷ್ಟು ದಿನ ಬಂತು, ಒಂದು ತೆಂಗಿನಕಾಯಿಗೆ ಎಷ್ಟು ತುರಿ ಬಂತು, ಮಗಳು ಎಷ್ಟು ತಿಂಗಳಿಗೆ ನಡೆದಳು, ಎಲ್ಲಕ್ಕೂ ಅವನ ಹತ್ತಿರ ತಾರೀಕು ಇತ್ತು. (ಮದುವೆಯಾದ ಹೊಸದರಲ್ಲಿ ಹೆಂಡತಿ ಸುಚಿತಾ ಇದನ್ನು ಪ್ರೀತಿ ಎಂದು ತಿಳಿದಿದ್ದಳು.)

ಆದ್ದರಿಂದ ಅವನು ಸಿಟ್ಟು ಮಾಡಲಿಲ್ಲ, ವಾದ ಮಂಡಿಸಿದ. ಸಮುದ್ರದ ಬದಿಯ ಗಾಳಿಯಲ್ಲಿ ನೀರಿನ ಅಂಶ ಹೆಚ್ಚು. ಕೂದಲು ಆ ನೀರನ್ನು ಹೀರಿಕೊಳ್ಳುತ್ತದೆ. ನೆಟ್ಟಗೆ ಮಾಡಿದ ಕೂದಲು ಬೆಳಕೆಯ ಮನೆಯಿಂದ ಹೊರಟು ಹೆದ್ದಾರಿ ಮುಟ್ಟುವುದರೊಳಗೆ ಮೊದಲಿನ ಸ್ಥಿತಿಗೆ ಬರುತ್ತದೆ. ಅಂದರೆ ಮೂವತ್ತನಾಲ್ಕು ಸಾವಿರದ ಒಂಬೈನೂರು ರೂಪಾಯಿಯ ಪರಿಣಾಮ ಸುಮಾರು ನಲವತ್ತು ನಿಮಿಷ.

"ನಲವತ್ತು ನಿಮಿಷ ಸಾಕು" ಎಂದಳು ಧನ್ಯಶ್ರೀ.

"ಕಾರಣ ಎಂತ, ಅದನ್ನಾದ್ರೂ ಹೇಳು."

"ಬೇಕು ಅನ್ನೂದೇ ಕಾರಣ. ಬಾವಿ ಅಳೀಲಿಕ್ಕೆ ನಿಂಗೆ ಎಂತ ಕಾರಣ?"

ದಿನಕರ ಹಗ್ಗ ಸುತ್ತಿದ. ಹಗ್ಗ ಸುತ್ತುವಾಗ ಅವನಿಗೆ ಒಂದು ವಾಕ್ಯ ಹೊಳೆಯಿತು. ಅದು ಸರಳವಾಗಿತ್ತು, ನ್ಯಾಯವಾಗಿತ್ತು, ಮತ್ತು ಅವನ ಅಂದಾಜಿನ ಪ್ರಕಾರ ಅದಕ್ಕೆ ಉತ್ತರವೇ ಇರಲಿಲ್ಲ.

"ಅಗತ್ಯದ ವಸ್ತು ಅಪ್ಪ ಕೊಡಿಸ್ತಾನೆ. ಶೋಕಿಯ ವಸ್ತು ಅವರವರೇ ದುಡಿದು ತಗಳ್ಳಬೇಕು."

ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದ ಅವನ ತಾಯಿ ಕಮಲಿ ಬಾಯಿ ಮುಕ್ಕಳಿಸಿ ಉಗಿದು, "ಆತು" ಎಂದಳು. "ನಾಳಿಂದ ನನ್ನ ಸಂಗಡ ಬರ್ಲಿ."

ಕಮಲಿಗೆ ಅರವತ್ತೆಂಟು. ಐವತ್ತಾರು ವರ್ಷದಿಂದ ಮೀನು ಮಾರಿದವಳು. ಬಂದರಿನ ಹರಾಜಿನಲ್ಲಿ ಮೀನು ಹಿಡಿದು, ಬುಟ್ಟಿ ಹೊತ್ತು ಭಟ್ಕಳದ ಮನೆಮನೆಗೆ ಹೋಗುತ್ತಿದ್ದಳು. ಈಚೆಗೆ ಮೊಣಕಾಲು ಒಪ್ಪದೆ ದಿನಕ್ಕೆ ಎರಡು ಬೀದಿಗೆ ಇಳಿದಿದ್ದಳು. ಮೊಮ್ಮಗಳಿಗೆ ಸ್ಕೂಟರ್ ಬರುತ್ತದೆ ಎಂಬುದನ್ನು ಅವಳು ಬಹಳ ದಿನದಿಂದ ಗಮನಿಸುತ್ತಿದ್ದಳು.

ತಿಂಡಿಯ ಹೊತ್ತಿಗೆ ದಿನಕರ ತನ್ನ ವಾಕ್ಯವನ್ನು ಹಿಂದಕ್ಕೆ ಪಡೆಯಲು ನೋಡಿದ. ದುಡಿಮೆ ಎಂದರೆ ಈ ವಯಸ್ಸಿನಲ್ಲಿ ಓದು ಎಂದೇ ಅರ್ಥ ಎಂದ. ಮೂವರು ಹೆಂಗಸರು ದೋಸೆ ತಿನ್ನುತ್ತ ಅವನನ್ನು ನೋಡಿದರು.

"ಓದ್ಲಿಕ್ಕೆ ಎಂತದು ಈಗ? ಪಿಯುಸಿ ಪರೀಕ್ಷೆ ಮುಗೀತು, ಕಾಲೇಜು ಜೂನಿಗೆ" ಎಂದಳು ಸುಚಿತಾ.

"ದುಡ್ಡು ಕೈಗೆ ಹತ್ತಿದ್ರೆ ಪುಸ್ತಕ ಹತ್ತೂದಿಲ್ಲ. ವೆಂಕಟನ್ನ ನೋಡು."

ವೆಂಕಟ ದಿನಕರನ ಸೋದರಮಾವನ ಮಗ. ಡಿಗ್ರಿ ಓದುವಾಗ ಹಾಡು ಕೇಳುವ ದೊಡ್ಡದೊಂದು ಸೆಟ್ಟು ಕೊಳ್ಳಲು ಒಂದು ತಿಂಗಳ ಮಟ್ಟಿಗೆ ಬೋಟಿಗೆ ಹೋದವನು. ಆ ತಿಂಗಳಿಗೆ ಈಗ ಇಪ್ಪತ್ತಾರು ವರ್ಷ.

"ವೆಂಕಟ ಎಂತ ಆಗ್ಯಾನೆ? ಎರಡು ಬೋಟಿನ ಯಜಮಾನ" ಎಂದಳು ಕಮಲಿ. "ನೀ ಅವನ ಬೋಟಿಗೆ ಐಸ್ ತುಂಬಿಸ್ತಿ. ಸುಮ್ನೆ ತಿನ್ನು, ತಮಾ."

ಮಾತು ಹೀಗೆ ಮುಗಿಯಿತು: ಧನ್ಯಶ್ರೀ ಅಜ್ಜಿಯ ಸಂಗಡ ಮೇ ಮೂವತ್ತೊಂದರವರೆಗೆ ಮೀನು ಮಾರುವುದು. ಜೂನ್ ಒಂದರಿಂದ ಎರಡು ತಿಂಗಳು ಬೋಟುಗಳು ಕಡಲಿಗೆ ಇಳಿಯುವಂತಿಲ್ಲವಾದ್ದರಿಂದ ಆ ತಾರೀಕನ್ನು ಯಾರೂ ಚರ್ಚಿಸಬೇಕಾಗಲಿಲ್ಲ. ಒಟ್ಟು ನಲವತ್ತೊಂಬತ್ತು ದಿನ.

ಕೆಲಸ ಹೀಗೆ ನಡೆಯಿತು. ಬೆಳಿಗ್ಗೆ ಅಜ್ಜಿ ಹರಾಜಿನಲ್ಲಿ ಮೀನು ಹಿಡಿಯುವಳು. ಮೊಮ್ಮಗಳು ಸ್ಕೂಟರಿನ ಹಿಂದೆ ಥರ್ಮಾಕೋಲ್ ಪೆಟ್ಟಿಗೆ ಕಟ್ಟಿಕೊಂಡು ಮನೆಗಳಿಗೆ ಮುಟ್ಟಿಸುವಳು. ಹಿಂದಿನ ರಾತ್ರಿಯೇ ವಾಟ್ಸ್ಯಾಪ್ ಗುಂಪಿನಲ್ಲಿ ಆರ್ಡರು ಬರುತ್ತಿತ್ತು. ಗುಂಪಿನ ಹೆಸರು 'ಕಮಲಜ್ಜಿ ಮೀನು'. ಹರಾಜಿನಲ್ಲಿ ಕಿಲೋಗೆ ನೂರ ಎಪ್ಪತ್ತಕ್ಕೆ ಹಿಡಿದ ಬಂಗಡೆಯನ್ನು ಧನ್ಯಶ್ರೀ ಇನ್ನೂರ ಎಂಬತ್ತಕ್ಕೆ ಕೊಡುತ್ತಿದ್ದಳು. ಮಧ್ಯದ ನೂರ ಹತ್ತು ಅವಳದು. ಸ್ಕೂಟರಿನ ಪೆಟ್ರೋಲು ಅಜ್ಜಿಯದು. ಪೇಟೆಯ ಮನೆಗಳಲ್ಲಿ ಒಂದು ಬಾಗಿಲಿಗೆ ಕನ್ನಡ, ಒಂದಕ್ಕೆ ಕೊಂಕಣಿ, ಒಂದಕ್ಕೆ ಅರೆಬರೆ ನವಾಯತಿ ಮಾತಾಡಿ, ಹತ್ತೂವರೆಗೆ ಮನೆಗೆ ಬಂದು, ತಲೆಗೆ ಮೂರು ಸಲ ಶಾಂಪೂ ಹಾಕಿ ಮಲಗುತ್ತಿದ್ದಳು.

ದಿನಕರ ಪುಸ್ತಕದಲ್ಲಿ ಒಂದು ಹೊಸ ಪುಟ ತೆರೆದ. ಹತ್ತು ದಿನದ ಸರಾಸರಿ ದಿನಕ್ಕೆ ನಾಲ್ಕುನೂರ ಐವತ್ತು. ನಲವತ್ತೊಂಬತ್ತು ದಿನಕ್ಕೆ ಇಪ್ಪತ್ತೆರಡು ಸಾವಿರದ ಐವತ್ತು. ಹನ್ನೊಂದನೇ ದಿನಕ್ಕೆ ಕಾಯದೆ, ಅದೇ ಸಂಜೆ ಅವನು ಆ ಪುಟವನ್ನು ಮಗಳ ಮುಂದಿಟ್ಟ. ಅವಳ ಶ್ರಮ ವ್ಯರ್ಥವಾಗಬಾರದು, ಈಗಲೇ ನಿಲ್ಲಿಸಿದರೆ ಒಳ್ಳೆಯದು ಎಂಬ ಸದುದ್ದೇಶ ಅವನದು.

"ಹನ್ನೆರಡು ಸಾವಿರದ ಎಂಟುನೂರ ಐವತ್ತು ಕಡಿಮೆ ಬೀಳ್ತದೆ, ಮಗಾ. ಇದು ನನ್ನ ಅಭಿಪ್ರಾಯ ಅಲ್ಲ. ಲೆಕ್ಕ."

ಧನ್ಯಶ್ರೀ ಪುಟವನ್ನು ನೋಡಿದಳು. ಅಪ್ಪನನ್ನು ನೋಡಿದಳು. ಅವಳ ಕೈಯಲ್ಲಿ ಆ ದಿನ ಕಾಣೆಮೀನು ಕೊಯ್ಯುವಾಗ ಆದ ಗಾಯಕ್ಕೆ ಸುತ್ತಿದ ಪಟ್ಟಿ ಇತ್ತು.

"ಹಾಂಗಾದ್ರೆ ಕಾಲೇಜು ಒಂದು ವರ್ಷ ಆಚೆ ಹೋಗ್ಲಿ. ಆಗಸ್ಟಿಗೆ ಬೋಟು ಹೊರಟಕೂಡ್ಲೆ ಮತ್ತೆ ಮಾರ್ತೆ. ಆತಾ?" ಎಂದು ಒಳಗೆ ಹೋದಳು.

ದಿನಕರ ಪುಸ್ತಕ ಮುಚ್ಚಿ ಚಾವಡಿಯಲ್ಲೇ ಕೂತ. ಅವನ ಕಣ್ಣ ಮುಂದೆ ಎರಡು ಬೋಟಿನ ಯಜಮಾನ ವೆಂಕಟ ಬಂದ. ಅಲ್ಲ, ವೆಂಕಟ ಅಲ್ಲ. ಹನ್ನೆರಡನೇ ವಯಸ್ಸಿಗೆ ಬುಟ್ಟಿ ಹೊತ್ತ ತನ್ನ ತಾಯಿ ಬಂದಳು. ಅವಳ ನೆತ್ತಿಯ ನಡುವೆ, ಸಿಂಬಿ ಇಡುವಲ್ಲಿ, ಒಂದು ರೂಪಾಯಿ ನಾಣ್ಯದಷ್ಟಗಲ ಕೂದಲೇ ಇಲ್ಲ. ಆ ಜಾಗ ಅವನನ್ನು ಬಿ.ಎಸ್ಸಿ. ಓದಿಸಿತ್ತು. ಅದೇ ಸುರುಳಿ ಕೂದಲಿನ ಇನ್ನೊಂದು ತಲೆ ಕಾಲೇಜಿನ ಬಾಗಿಲಿನವರೆಗೆ ಹೋಗಿ ತಿರುಗಿ ಬರುವುದನ್ನು ಅವನಿಂದ ನೋಡಲಾಗುತ್ತಿರಲಿಲ್ಲ.

ಮರುದಿನ ನಸುಕಿಗೇ ತೊಟ್ಟಿಯ ಉಷ್ಣತೆ ಬರೆದು, ಪುಟ ತಿರುಗಿಸಿ, ಅವನು ಸಮಸ್ಯೆಯನ್ನು ಹೊಸದಾಗಿ ಬಿಡಿಸಿದ. ಮೇ ಮೂವತ್ತೊಂದರೊಳಗೆ ಮಗಳಿಗೆ ಯಂತ್ರದ ಬೆಲೆ ಸಿಗಬೇಕು. ತಾನೇ ಕೊಟ್ಟರೆ ಅವಳು ಮುಟ್ಟುವುದಿಲ್ಲ. ಅವಳ ವ್ಯಾಪಾರ ಹೆಚ್ಚಬೇಕು. ಉಳಿದ ಮೂವತ್ತೊಂಬತ್ತು ದಿನ ಯಾರಾದರೊಬ್ಬ ದಿನಕ್ಕೆ ಮೂರು ಕಿಲೋ ಬಂಗಡೆ ಹೆಚ್ಚಿಗೆ ಕೊಂಡರೆ ಅವಳಿಗೆ ದಿನಕ್ಕೆ ಮುನ್ನೂರ ಮೂವತ್ತು ಹೆಚ್ಚಿಗೆ. ಒಟ್ಟು ಹನ್ನೆರಡು ಸಾವಿರದ ಎಂಟುನೂರ ಎಪ್ಪತ್ತು. ಬೇಕಾದ್ದಕ್ಕಿಂತ ಇಪ್ಪತ್ತು ರೂಪಾಯಿ ಮೇಲೆಯೇ.

ಆ ಯಾರಾದರೊಬ್ಬ ತಾನೇ ಆಗಬೇಕಿತ್ತು. ಇಲ್ಲಿ ಒಂದು ಸಾಮಾಜಿಕ ಅಡ್ಡಿ ಇತ್ತು. ಬಂದರಿನಲ್ಲಿ ಕೆಲಸ ಮಾಡುವವರು ದುಡ್ಡು ಕೊಟ್ಟು ಮೀನು ಕೊಳ್ಳುವುದಿಲ್ಲ. ಬೋಟು ಬಂದಾಗ ಐಸಿನವನಿಗೆ, ಡೀಸೆಲ್ಲಿನವನಿಗೆ, ಬಲೆ ಹೊಲಿಯುವವನಿಗೆ ಸಾರಿಗೆ ಬೇಕಾದಷ್ಟು ಮೀನು ಹಾಗೆಯೇ ಬರುತ್ತದೆ. ದಿನಕರನ ಕುಲದಲ್ಲಿ ಮೀನಿಗೆ ದುಡ್ಡು ಎಣಿಸಿದವರು ಇಲ್ಲ. ಅವನು ಮೂರು ಕಿಲೋ ಬಂಗಡೆ ಕೊಂಡ ಸುದ್ದಿ ಹೊರಬಿದ್ದರೆ ಜನ ತಲೆ ಕೆಟ್ಟಿತೆಂದಾರು, ಇಲ್ಲವೇ ಅವನಿಗೆ ಎಲ್ಲೋ ಇನ್ನೊಂದು ಮನೆ ಇದೆ ಎಂದಾರು.

ಆದ್ದರಿಂದ ಅವನು ಫ್ಯಾಕ್ಟರಿಯ ಲೆಕ್ಕ ಬರೆಯುವ ಪ್ರಮೋದನ ಹೆಸರನ್ನು ಸಾಲ ಕೇಳಿದ. ಪ್ರಮೋದ ಕತಗಾಲದವನು, ಭಟ್ಕಳದಲ್ಲಿ ರೂಮು ಮಾಡಿಕೊಂಡು ಶನಿವಾರ ಊರಿಗೆ ಹೋಗುವವನು. ಅವನ ಮನೆಯಲ್ಲಿ ಈರುಳ್ಳಿ ಒಳಗೆ ಬಂದದ್ದೇ ಈಚೆಗೆ. ಎಲ್ಲರ ಸಂಗಡ ಶಾಲೆಯ ಕನ್ನಡ ಮಾತಾಡುವ ಪ್ರಮೋದನಿಗೆ ಗಾಬರಿಯಾದರೆ ಮಾತ್ರ ಮನೆಯ ಮಾತು ಬರುತ್ತಿತ್ತು.

"ಬಂಗಡೆಯಾ? ಯಂಗಾ? ದಿನಕರಣ್ಣ, ಊರಲ್ಲಿ ಗೊತ್ತಾದ್ರೆ ಯನ್ನ ಜಗಲಿಗೂ ಹತ್ತಿಸ್ತ್ವಿಲ್ಲೆ!"

"ನೀ ತಿನ್ನೂದು ಬೇಡ ಮಾರಾಯ. ಹೆಸರು ಮಾತ್ರ ಸಾಕು. ಕೆಲಸದವರ ಊಟಕ್ಕೆ ಅಂತ ಹೇಳು."

ಪ್ರಮೋದ ಬಹಳ ಯೋಚಿಸಿದ. ಮಗಳ ಕಾಲೇಜಿನ ವಿಷಯ ಎಂದು ತಿಳಿದ ಮೇಲೆ ಮೆತ್ತಗಾದ. "ಹೆಸರು ಕೊಡ್ತೆ. ಮೀನು ಮುಟ್ತ್ನಿಲ್ಲೆ. ಪೊಟ್ಟಣ ಬಂದ್ರೆ ಆಫೀಸಿನ ಕಿಟಕಿ ಹೊರಗೇ ಇಡ್ಲಿ."

ಅದೇ ಬೆಳಿಗ್ಗೆ, ಹರಾಜು ಮುಗಿಯುವ ಮೊದಲೇ, 'ಕಮಲಜ್ಜಿ ಮೀನು' ಗುಂಪಿಗೆ ಕತಗಾಲದ ಪ್ರಮೋದ ಸೇರಿದ. ಇವತ್ತಿನಿಂದಲೇ ದಿನಾ ಮೂರು ಕಿಲೋ ಬಂಗಡೆ ಬೇಕು, ಕೊಯ್ಯುವುದು ಬೇಡ, ಇಡಿಯಾಗಿರಲಿ ಎಂದು ಬರೆದ. ಧನ್ಯಶ್ರೀ ಅದಕ್ಕೆ ಹೆಬ್ಬೆರಳು ತೋರಿಸಿದಳು.

ಇಡಿಯಾಗಿ ಎಂದು ಬರೆಸಿದ್ದಕ್ಕೆ ಕಾರಣ ಇತ್ತು. ಮೂರು ಕಿಲೋ ಮೀನನ್ನು ಏನು ಮಾಡುವುದು? ಬಿಟ್ಟಿ ಕೊಡೋಣವೆಂದರೆ, ಬಂದರಿನಲ್ಲಿ ಮೀನು ಮಾರುವುದಕ್ಕಿಂತ ಮೀನು ದಾನ ಮಾಡುವುದು ಕಷ್ಟ, ತೆಗೆದುಕೊಳ್ಳುವವರೇ ಇಲ್ಲ. ಕೊನೆಗೆ ಐಸಿಗೆ ಬರುವ, ಮಾರುಕಟ್ಟೆಯಲ್ಲಿ ಮೀನು ಮಾರುವ ಮಹಾಲಕ್ಷ್ಮೀಯನ್ನು ಹಿಂಬಾಗಿಲಿಗೆ ಕರೆದು, ಹರಾಜಿಗಿಂತ ಹತ್ತು ರೂಪಾಯಿ ಕಡಿಮೆಗೆ, ನೂರ ಅರವತ್ತಕ್ಕೆ ಕೊಡುವುದೆಂದು ಗೊತ್ತುಮಾಡಿದ. ಹೀಗೆ ಮೂವತ್ತೊಂಬತ್ತು ದಿನಕ್ಕೆ ಅವನಿಗೆ ಹದಿನಾಲ್ಕು ಸಾವಿರದ ನಲವತ್ತು ರೂಪಾಯಿ ಖರ್ಚು. ಮಗಳಿಗೆ ಮುಟ್ಟುವುದನ್ನು ಕಳೆದರೆ ಉಳಿಯುವ ಸಾವಿರದ ನೂರ ಎಪ್ಪತ್ತು ರೂಪಾಯಿಯನ್ನು ಅವನು ಪುಸ್ತಕದಲ್ಲಿ 'ಗುಟ್ಟಿನ ವೆಚ್ಚ' ಎಂಬ ತಲೆಬರಹದ ಕೆಳಗೆ ಬರೆದ. ಹಣವನ್ನು ಕಾಲೇಜಿನ ಪ್ರವೇಶಕ್ಕೆಂದು ತೆಗೆದಿಟ್ಟ ಮೊತ್ತದಿಂದ ತೆಗೆದ. ಕಾಲೇಜಿಗಾಗಿ ಇಟ್ಟ ಹಣ ಕಾಲೇಜಿಗಾಗಿಯೇ ಖರ್ಚಾಗುತ್ತಿದೆ ಎಂಬ ಸಮಾಧಾನ ಅವನಿಗಿತ್ತು.

"ಯಾರಿಗೂ ಹೇಳೂಕಾಗ" ಎಂದ ಮಹಾಲಕ್ಷ್ಮೀಗೆ.

"ನಂಗೆ ಹೇಳೂಕೆ ಯಾರಿದ್ದಾರೆ ತಮಾ" ಎಂದಳು ಮಹಾಲಕ್ಷ್ಮೀ. (ಬಂದರಿನಲ್ಲಿ ಅವಳಿಗೆ ನೂರ ಹತ್ತು ಜನ ಗೆಳತಿಯರು.)

ಎಲ್ಲ ಪದ್ಧತಿಯಂತೆ ನಡೆಯಿತು. ಮಹಾಲಕ್ಷ್ಮೀ ಒಂದೊಂದು ದಿನ ಬರುತ್ತಿರಲಿಲ್ಲವಾದ್ದರಿಂದ ಹಳೆಯ ಮೀನು ಮೊದಲು ಹೋಗಬೇಕಿತ್ತು. ಇದಕ್ಕೆ ದಿನಕರ ಒಂದು ಗುರುತು ಮಾಡಿದ. ತನ್ನ ಕೈಗೆ ಬಂದ ಮೀನಿಗೆ ದಿನಕ್ಕೊಂದರಂತೆ ಬಾಲದಲ್ಲಿ ಒಂದು ಸಣ್ಣ ಕಚ್ಚು. ಕಚ್ಚು ಚೊಕ್ಕವಾಗಿ ಬರಬೇಕೆಂದು ಮನೆಯಿಂದ ಒಂದು ಕತ್ತರಿಯನ್ನು ಕಿಸೆಯಲ್ಲಿ ಹಾಕಿಕೊಂಡು ಹೋಗಿ, ಸಂಜೆ ತೊಳೆದು ಅದರ ಜಾಗದಲ್ಲೇ ಇಡುತ್ತಿದ್ದ.

ಅದು ಸುಚಿತಾಳ ಹೊಲಿಗೆಯ ಕತ್ತರಿ. ಊರಿನವರ ರವಿಕೆ ಹೊಲಿಯುವ ಸುಚಿತಾ ಆ ಕತ್ತರಿಯಿಂದ ಕಾಗದವನ್ನೂ ಕತ್ತರಿಸಗೊಡುವವಳಲ್ಲ. ಮೇ ಆರರಂದು ಅಂಗನವಾಡಿಯ ಹೇಮಾ ಟೀಚರು ರೇಷ್ಮೆಯ ರವಿಕೆಯನ್ನು ಹಿಂದಕ್ಕೆ ತಂದುಕೊಟ್ಟರು.

"ಹೊಲಿಗೆ ಚೆನ್ನಾಗದೆ ಸುಚಿತಾ. ಆದ್ರೆ ಹಾಕ್ಕಂಡು ಮದುವೆಮನೆಗೆ ಹೋದ್ರೆ ಬೆಕ್ಕು ಬೆನ್ನು ಬಿಡ್ಲಿಲ್ಲ."

ಸುಚಿತಾ ರವಿಕೆ ಮೂಸಿದಳು. ಕತ್ತರಿ ಮೂಸಿದಳು. ನೇರ ಅತ್ತೆಯ ಹತ್ತಿರ ಹೋದಳು.

"ಅತ್ತೆ, ನನ್ನ ಕತ್ತರೀಲಿ ಮೀನು ಕೊಯ್ದದ್ದು ಯಾರು?"

"ಕತ್ತರೀಲಿ ಮೀನು ಕೊಯ್ಯೂದಾ?" ಕಮಲಿಗೆ ಆರೋಪಕ್ಕಿಂತ ಆ ಕಲ್ಪನೆಯೇ ಹೆಚ್ಚು ನೋವು ಮಾಡಿತು. "ಐವತ್ತಾರು ವರ್ಷ ಕತ್ತಿ ಹಿಡಿದವಳಿಗೆ ಕತ್ತರಿ ಹಿಡೀತಿ ಅಂತ್ಯಲ್ಲೆ!"

"ಮತ್ತೆ ಬಂಗಡೆ ನಡ್ಕಂಡು ಬಂದು ಹೊಲಿಗೆ ಪೆಟ್ಟಿಗೆ ಒಳಗೆ ಕೂತ್ಕಂತಾ?"

ಎರಡು ದಿನ ಅತ್ತೆ ಸೊಸೆ ಮಾತಾಡಲಿಲ್ಲ. ಹೇಮಾ ಟೀಚರಿಗೆ ಬಟ್ಟೆಯ ದುಡ್ಡು ಆರುನೂರು ಕೊಡಬೇಕಾಯಿತು. ದಿನಕರ, ಯಾರೂ ಕೇಳದೆಯೇ, ಆ ಆರುನೂರನ್ನು ತಾನು ಕೊಡುತ್ತೇನೆಂದ. ಸುಚಿತಾ ಅವನನ್ನು ಒಂದು ಕ್ಷಣ ನೋ‌ಡಿದಳು. ಇಪ್ಪತ್ತು ವರ್ಷದಲ್ಲಿ ಅವನು ರಸೀದಿ ಕೇಳದೆ ಹಣ ಬಿಚ್ಚಿದ್ದು ಅದೇ ಮೊದಲು.

ಮೇ ಹನ್ನೆರಡಕ್ಕೆ ಗಾಳಿ ಎದ್ದಿತು. ಮೂರು ದಿನ ಬೋಟು ಇಳಿಯಬಾರದೆಂದು ಸೂಚನೆ ಬಂತು. ಹರಾಜಿನ ಕಟ್ಟೆಯ ಮೇಲೆ ನಾಯಿಗಳು ಮಲಗಿದವು. ಧನ್ಯಶ್ರೀ ಉಳಿದ ಗಿರಾಕಿಗಳಿಗೆಲ್ಲ ಒಣಮೀನು ಒಪ್ಪಿಸಿದಳು. ಆದರೆ ಪ್ರಮೋದನ ಮೂರು ಕಿಲೋ ಬಂಗಡೆ ದಿನನಿತ್ಯದ್ದು, ತಪ್ಪಿಸುವಂತಿಲ್ಲ. ಕಮಲಿ ಮಾರುಕಟ್ಟೆಯಲ್ಲಿ ಹುಡುಕಿದಾಗ ಮಹಾಲಕ್ಷ್ಮೀಯ ಹತ್ತಿರ ಮಾತ್ರ ಐಸಿನಲ್ಲಿಟ್ಟ ಮೂರು ಕಿಲೋ ಸಿಕ್ಕಿತು. ಗಾಳಿ ರೇಟು ಎಂದು ಕಿಲೋಗೆ ನೂರ ಇಪ್ಪತ್ತು ಹೆಚ್ಚು.

ಕಿಟಕಿಯ ಹೊರಗಿನ ಪೊಟ್ಟಣ ಬಿಚ್ಚಿದಾಗ ದಿನಕರನಿಗೆ ಬಾಲಗಳಲ್ಲಿ ತನ್ನ ಕಚ್ಚು ಕಂಡಿತು. ಹಿಂದಿನ ಸಂಜೆ ತಾನು ನೂರ ಅರವತ್ತಕ್ಕೆ ಕೊಟ್ಟ ಮೀನು ನಾಲ್ಕುನೂರಕ್ಕೆ ತಿರುಗಿ ಬಂದಿತ್ತು. ಪದ್ಧತಿ ಪದ್ಧತಿಯೇ ಆದ್ದರಿಂದ, ಅವನು ಎರಡನೆಯ ಕಚ್ಚು ಹಾಕಿದ. ಸಂಜೆ ಮಹಾಲಕ್ಷ್ಮೀ ಬಂದು ನೂರ ಅರವತ್ತರಂತೆ ಎಣಿಸಿ ಕೊಟ್ಟು ಒಯ್ದಳು. ಗಾಳಿ ರೇಟು ತನಗೂ ಸಿಗಬೇಕಲ್ಲವೇ ಎಂದು ಕೇಳಬೇಕೆನಿಸಿತು; ಆದರೆ ಕದ್ದು ಮಾರುವವನಿಗೆ ಚೌಕಾಸಿ ಮಾಡುವ ಬಾಯಿ ಇರುವುದಿಲ್ಲ. ಮರುದಿನ ಬೆಳಿಗ್ಗೆ ಅವೇ ಮೀನುಗಳು ಎರಡು ಕಚ್ಚಿನೊಂದಿಗೆ ನಾಲ್ಕುನೂರಕ್ಕೆ ಬಂದವು.

ಕಾಲೇಜಿನಲ್ಲಿ ಅವನು ಕಲಿತದ್ದೊಂದು ನೆನಪಾಯಿತು: ಮುಚ್ಚಿದ ವ್ಯವಸ್ಥೆಯಲ್ಲಿ ಏನೂ ಹೊಸದಾಗಿ ಹುಟ್ಟುವುದಿಲ್ಲ, ಏನೂ ನಾಶವಾಗುವುದಿಲ್ಲ. ಭಟ್ಕಳದಲ್ಲಿ ಆ ಹೊತ್ತಿಗೆ ಇದ್ದದ್ದು ಒಟ್ಟು ಮೂರು ಕಿಲೋ ಬಂಗಡೆ. ಅದು ಮಹಾಲಕ್ಷ್ಮೀಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ, ಮಗಳಿಂದ ತನಗೆ, ತನ್ನಿಂದ ಮಹಾಲಕ್ಷ್ಮೀಗೆ ಸುತ್ತುತ್ತಿತ್ತು. ಪ್ರತಿ ಸುತ್ತಿಗೂ ಒಂದು ಜಾಗದಲ್ಲಿ ಮಾತ್ರ ಸೋರಿಕೆ ಇತ್ತು. ಅದು ಅವನ ಕಿಸೆ.

ಅವನು ಮೂರನೆಯ ಕಚ್ಚು ಹಾಕಿದ.

ಹದಿನಾಲ್ಕರ ಬೆಳಿಗ್ಗೆ ಪ್ರಮೋದನ ಕಿಟಕಿಗೆ ಪೊಟ್ಟಣ ಬರಲಿಲ್ಲ. ಸಂಜೆ ದಿನಕರ ಮನೆಗೆ ಬಂದಾಗ ಚಾವಡಿಯಲ್ಲಿ ಮೂವರೂ ಕೂತಿದ್ದರು. ನಡುವೆ ಹಾಸಿದ ಪೇಪರಿನ ಮೇಲೆ, ಬೆಳಿಗ್ಗೆ ಧನ್ಯಶ್ರೀ ಪ್ರಮೋದನ ಪಾಲಿನಿಂದ ಎತ್ತಿಟ್ಟುಕೊಂಡ ಒಂದು ಬಂಗಡೆ. ಅದರ ಪಕ್ಕ ಸುಚಿತಾಳ ಕತ್ತರಿ. ಬಾಲದ ಮೂರು ಕಚ್ಚುಗಳಿಗೂ ಕತ್ತರಿಯ ಮೊನೆ ಸರಿಯಾಗಿ ಕೂತಿತ್ತು. ಕೂರಿಸಿ ನೋಡಿದವಳು ಧನ್ಯಶ್ರೀ. ಹಾಗೆ ಪರೀಕ್ಷೆ ಮಾಡಿ ನೋಡುವ ಗುಣ ಅವಳಿಗೆ ಯಾರಿಂದ ಬಂತೆಂದು ಬೇರೆ ಹೇಳಬೇಕಾಗಿಲ್ಲ.

"ಅಪ್ಪಾ, ಇದು ಎಂತ?"

ದಿನಕರನಿಗೆ ಸುಳ್ಳು ಹೇಳುವ ಅಭ್ಯಾಸ ಇರಲಿಲ್ಲ. ಚೀಲದಿಂದ ಪುಸ್ತಕ ತೆಗೆದು, 'ಗುಟ್ಟಿನ ವೆಚ್ಚ' ಇದ್ದ ಪುಟ ಬಿಡಿಸಿ ಅವಳ ಮುಂದಿಟ್ಟ.

ಅವಳು ಮೊದಲಿನಿಂದ ಕೊನೆಯವರೆಗೆ ಓದಿದಳು. ಓದಿ ಮುಗಿಸಿದಾಗ ಅವಳ ಮೂಗಿನ ತುದಿ ಕೆಂಪಾಗಿತ್ತು.

"ನಂಗೆ ಆಗೂದಿಲ್ಲ ಅಂತ ಮೊದಲೇ ಬರೆದಿಟ್ಕಂಡ್ಯಾ?"

"ಆಗೂದಿಲ್ಲ ಅಂತ ಅಲ್ಲ ಮಗಾ. ಕಾಲೇಜು ಬಿಡ್ತೆ ಅಂದ್ಯಲ್ಲ ನೀ."

"ಸಿಟ್ಟಲ್ಲಿ ಒಂದು ಮಾತು ಹೇಳ್ದೆ. ಅದನ್ನೂ ಲೆಕ್ಕಕ್ಕೆ ಹಿಡ್ದ್ಯಾ?" ಅವಳು ಪುಸ್ತಕವನ್ನು ಅವನ ಕಡೆ ತಳ್ಳಿದಳು. "ಹೊನ್ನಾವರದ ಕಾಲೇಜಿಗೆ ಅರ್ಜಿ ಹಾಕಿ ಹತ್ತು ದಿನ ಆತು. ಕೆಮಿಸ್ಟ್ರಿಗೇ ಹಾಕ್ದೆ."

"ಸಹಿ?"

"ನಾ ಹಾಕ್ದೆ" ಎಂದಳು ಸುಚಿತಾ. "ನಿಮ್ಮ ಹತ್ರ ತಂದಿದ್ರೆ ಅರ್ಜಿ ಎಷ್ಟು ಇಂಚು ಉದ್ದ ಅದೆ ಅಂತ ಅಳೀತಿದ್ರಿ."

ಧನ್ಯಶ್ರೀ ಒಳಗೆ ಹೋಗಿ ದುಡ್ಡಿನ ಡಬ್ಬಿ ತಂದಳು. ಅದರಲ್ಲಿ ಇಪ್ಪತ್ತೆರಡು ಸಾವಿರದ ನಾನೂರು ಇತ್ತು. "ನಿಂದು ಎಷ್ಟು, ಹೇಳು. ಒಂದು ರೂಪಾಯಿ ಹೆಚ್ಚುಕಮ್ಮಿ ಬೇಡ."

"ಇಪ್ಪತ್ತೊಂದು ದಿನ. ಆರು ಸಾವಿರದ ಒಂಬೈನೂರ ಮೂವತ್ತು."

ಅವಳು ಅಷ್ಟನ್ನು ಎಣಿಸಿ ಅವನ ಮುಂದಿಟ್ಟಳು. ಅವನು ತೆಗೆದುಕೊಳ್ಳಲಿಲ್ಲ, ಡಬ್ಬಿಯಲ್ಲಿ ಉಳಿದದ್ದನ್ನೇ ನೋಡುತ್ತಿದ್ದ. ಹದಿನೈದು ಸಾವಿರದ ನಾನೂರ ಎಪ್ಪತ್ತು. ಮೂವತ್ತೊಂದು ದಿನಕ್ಕೆ ಅವನ ಲೆಕ್ಕದ ಪ್ರಕಾರ ಅಷ್ಟು ಇರಬಾರದಿತ್ತು. ತನ್ನ ಮೂರು ಕಿಲೋದ ಮೇಲೆ ಕಣ್ಣಿಟ್ಟ ಅವನು, ಉಳಿದ ಗಿರಾಕಿಗಳು ಒಬ್ಬೊಬ್ಬರಾಗಿ ಹೆಚ್ಚಾದದ್ದನ್ನು ನೋಡಿಯೇ ಇರಲಿಲ್ಲ. ಪೆನ್ನು ತೆಗೆದು ಭಾಗಿಸಿದ. ಮೊದಲ ಪುಟದ ನಾಲ್ಕುನೂರ ಐವತ್ತನ್ನು ಹೊಡೆದುಹಾಕಿ ಪಕ್ಕದಲ್ಲಿ ನಾಲ್ಕುನೂರ ತೊಂಬತ್ತೊಂಬತ್ತು ಎಂದು ಬರೆದು, ಅದರ ಕೆಳಗೆ ಸಹಿ ಹಾಕಿ, ಪುಸ್ತಕವನ್ನು ಅವಳ ಕಡೆ ತಿರುಗಿಸಿದ. ಅವನ ಪುಸ್ತಕದಲ್ಲಿ ಹೊಡೆದುಹಾಕಿದ ಅಂಕಿಗಳು ಬಹಳ ಕಡಿಮೆ.

ಧನ್ಯಶ್ರೀ ಆ ಪುಟವನ್ನು ನೋಡಿ ಮೂಗು ಒರೆಸಿಕೊಂಡು, ಎಣಿಸಿಟ್ಟ ದುಡ್ಡನ್ನು ಅವನ ಕಿಸೆಗೆ ತುರುಕಿದಳು.

"ಆದ್ರೂ ಮೇ ಕೊನೆಗೆ ಹತ್ತು ಸಾವಿರ ಕಡಿಮೆ ಬೀಳ್ತದೆ" ಎಂದ ದಿನಕರ, ತಡೆಯಲಾರದೆ.

"ಬೀಳ್ಲಿ. ಆಗಸ್ಟಿನಿಂದ ಶನಿವಾರ ಭಾನುವಾರ ಮಾರ್ತೆ. ದೀಪಾವಳಿಗೆ ತಗಳ್ತೆ. ಆವಾಗ ಗಾಳೀಲಿ ನೀರೂ ಕಡಿಮೆ."

ಈ ಕೊನೆಯ ಅಂಶ ದಿನಕರನಿಗೆ ಹೊಳೆದಿರಲಿಲ್ಲ. ಅವನು ತಲೆಯಾಡಿಸಿದ. ಆಮೇಲೆ ತಾಯಿಯ ಕಡೆ ತಿರುಗಿದ. ಕಮಲಿ ಗೋಡೆಗೊರಗಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

"ಅಮ್ಮಾ, ನಿಂಗೆ ಯಾವಾಗ ಗೊತ್ತಾತು?"

"ಮೊದಲ್ನೇ ದಿನವೇ. ಮಾಲಕ್ಷ್ಮೀ ಐಸ್ ಒಯ್ದವಳು ನೇರ ನನ್ನ ಹತ್ರವೇ ಬಂದಳು."

"ಮತ್ತೆ ಸುಮ್ನೆ ಇದ್ದದ್ದು ಎಂತಕ್ಕೆ?"

"ಗಿರಾಕಿ ಹತ್ರ ನೀ ಎಂತಕ್ಕೆ ತಗಂಡೆ ಅಂತ ಕೇಳೂಕೆ ಆಗ್ತದಾ? ಕತಗಾಲದ ಮಾಣಿ ದಿನಾ ಮೂರು ಕಿಲೋ ಬಂಗಡೆ ತಿಂತಾನೆ ಅಂತ ನಾ ನಂಬಿದ್ದೆ ಅಂತ ಮಾಡ್ದ್ಯಾ?"

"ಆ ಗಾಳಿ ರೇಟು?"

"ಅದು ನಾನೂ ಮಾಲಕ್ಷ್ಮೀನೂ ಅರ್ಧರ್ಧ" ಎಂದಳು ಕಮಲಿ. "ಗಾಳಿ ಬಂದಾಗ ಎಲ್ಲರಿಗೂ ಅದೇ ರೇಟು ತಮಾ. ಮಗ ಅಂತ ಕಡಿಮೆ ಮಾಡಿದ್ರೆ ನಿಂಗೆ ಅನುಮಾನ ಬರ್ತಿತ್ತು."

ಸುಚಿತಾ ಇಷ್ಟು ಹೊತ್ತೂ ಕತ್ತರಿಯನ್ನೇ ನೋಡುತ್ತಿದ್ದವಳು ಎದ್ದಳು. ಅದನ್ನು ಎರಡು ಬೆರಳಲ್ಲಿ ಎತ್ತಿ ಗಂಡನ ಮಡಿಲಲ್ಲಿಟ್ಟು, ಹೊಸದಕ್ಕೆ ಆರುನೂರ ಎಂಬತ್ತೈದು ರೂಪಾಯಿ ತೆಗೆಯಿರಿ ಎಂದಳು. ತೆಗೆದ. ಆಮೇಲೆ ಅವಳು ಅತ್ತೆಯ ಮುಂದೆ ನಿಂತು, "ಅತ್ತೆ, ಕತ್ತರಿ ವಿಷಯಕ್ಕೆ ನಾ ಹಾಂಗೆ ಅನ್ನಬಾರದಿತ್ತು" ಎಂದಳು. "ಆತು, ಆ ಮೀನು ಹುರಿ" ಎಂದಳು ಕಮಲಿ.

ಊಟಕ್ಕೆ ಆ ಬಂಗಡೆ ಬಂತು. ಮಸಾಲೆ ಹಚ್ಚಿ, ರವೆಯಲ್ಲಿ ಹೊರಳಿಸಿ, ಹದವಾಗಿ ಹುರಿದಿದ್ದಳು. ಉಳಿದ ಮೂವರಿಗೂ ಒಣಸಿಗಡಿಯ ಚಟ್ನಿ; ಮೀನು ದಿನಕರನ ತಟ್ಟೆಗೆ ಮಾತ್ರ. ಇಪ್ಪತ್ತೊಂದು ದಿನದಲ್ಲಿ ಕೊಂಡ ಅಷ್ಟೂ ಮೀನಿನಲ್ಲಿ ಅವನ ಬಾಯಿಗೆ ಬಂದದ್ದು ಇದೊಂದೇ. ಅವನು ಮುಳ್ಳು ಬಿಡಿಸಿ ತಿಂದ. ರುಚಿಯಾಗಿತ್ತು. ಐಸು ಒಳ್ಳೆಯ ಗುಣಮಟ್ಟದ್ದೆಂದು ಅವನಿಗೆ ಸಣ್ಣದೊಂದು ತೃಪ್ತಿಯೂ ಆಯಿತು.

"ಅಪ್ಪಾ" ಎಂದಳು ಧನ್ಯಶ್ರೀ, ತುಂಬ ಗಂಭೀರವಾಗಿ. "ನನ್ನ ದುಡ್ಡು ನಿಂಗೆ ತಿರುಗಿ ಬಂತಲ್ಲ. ಅದನ್ನು ಕಳೆದು, ನೀ ಮಾಲಕ್ಷ್ಮಜ್ಜಿಗೆ ಕಡಿಮೆಗೆ ಕೊಟ್ಟದ್ದು, ಗಾಳಿ ರೇಟು, ಹೇಮಾ ಟೀಚರ ರವಿಕೆ, ಅಮ್ಮನ ಕತ್ತರಿ, ಎಲ್ಲಾ ಕೂಡಿಸಿದ್ರೆ ಈ ಒಂದು ಬಂಗಡೆ ನಿಂಗೆ ಎಷ್ಟಕ್ಕೆ ಬಿತ್ತು?"

ಸುಚಿತಾ ಸೆರಗು ಬಾಯಿಗೆ ಒತ್ತಿಕೊಂಡಳು. ಕಮಲಿ ಅನ್ನ ಕಲಸುವುದನ್ನು ನಿಲ್ಲಿಸಿದಳು. ದಿನಕರನಿಗೆ ಇದು ಉತ್ತರ ಹೇಳುವ ಪ್ರಶ್ನೆಯಲ್ಲ ಎಂದು ಗೊತ್ತಿತ್ತು. ಆದರೆ ಮೊತ್ತ ಗೊತ್ತಿದ್ದೂ ಹೇಳದೆ ಇರುವುದು ಅವನಿಂದ ಆಗದ ಕೆಲಸ. ಕೈಯಲ್ಲಿದ್ದ ಬಾಲವನ್ನು ತಟ್ಟೆಯ ಅಂಚಿಗಿಟ್ಟು, ಆ ಮೊತ್ತವನ್ನು ತನ್ನ ಜೀವಮಾನದಲ್ಲಿ ಒಂದೇ ಒಂದು ಸಲ, ಸ್ಪಷ್ಟವಾಗಿ, ಎಲ್ಲರಿಗೂ ಕೇಳುವಂತೆ ಹೇಳಿದ:

"ಎರಡು ಸಾವಿರದ ಆರುನೂರ ಮೂವತ್ತೈದು ರೂಪಾಯಿ."